ಸಂದರ್ಶನದಲ್ಲೇ ಸಾಹುಕಾರರನ್ನು ಅಳೆದ ಬಗೆ

ತಿಂಗಳಿಗೆ 24 ಸಾವಿರ ಕೊಡುತ್ತೇವೆಂದ ಕೊಡಗಿನ ಕಾಫಿ ತೋಟವನ್ನು ಬಿಟ್ಟು 19 ಸಾವಿರಕ್ಕೆ ಬೇರೆ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನಾಗಿ ಸೇರಿದಾಗ ನಮ್ಮ ಭಾವ, 'ಐದು ಸಾವಿರ ಕಾವೇರಿಗೆ ಎಸೆದೆಯಲ್ಲ' ಎಂದಿದ್ದರು. ರೋಬಸ್ಟಾ ಕಾಫಿಯ ಕೊಯ್ಲು ಮುಗಿಯುವ ಹೊತ್ತಿಗೆ ಆ ಮೊದಲ ತೋಟದ ರೈಟರ್ ಕೆಲಸ ಹುಡುಕಿಕೊಂಡು ನಮ್ಮ ಕಣಕ್ಕೇ ಬಂದ. ಅವನಿಗೆ ಎರಡು ತಿಂಗಳ ಸಂಬಳ ಬಾಕಿ. ಈಗ ಭಾವ ತಮ್ಮ ಮಗನನ್ನು ಸಂದರ್ಶನಕ್ಕೆ ಕಳಿಸುವ ಮೊದಲು ನನ್ನನ್ನು ಕೇಳುತ್ತಾರೆ.

ಆ ತೋಟದವರು ಹತ್ತು ಗಂಟೆಗೆ ಬರಹೇಳಿ ಒಳಗೆ ಕರೆದದ್ದು ಹನ್ನೆರಡೂವರೆ ದಾಟಿದ ಮೇಲೆ. ಕಾಯಿಸಿದ್ದು ದೊಡ್ಡದಲ್ಲ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಕೆಟ್ಟರೆ ಯಾರೂ ಕಾಯಿಸುತ್ತಾರೆ. ಆದರೆ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ-ಕೂಲಿ ಪುಸ್ತಕದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಮನೆತನ, ಊರು, ಮದುವೆ, ಇಷ್ಟೇ. ಸಂಬಳ ಯಾವ ತಾರೀಕಿಗೆ ಎಂದು ಕೇಳಿದೆ. 'ಮೊದಲು ಸೇರು, ಆಮೇಲೆ ನೋಡೋಣ.' ಹಿಂದಿನ ರೈಟರ್ ಏಕೆ ಬಿಟ್ಟರು? 'ಕಳ್ಳ.' ಅವನಿಗಿಂತ ಮುಂಚಿನವನು? 'ಅವನೂ ಅಷ್ಟೇ.' ಕೊನೆಗೆ ಅಂಕಪಟ್ಟಿಯ ಮೂಲಪ್ರತಿ ಇಟ್ಟು ಹೋಗು ಎಂದರು. ನಾನು ಅಂಕಪಟ್ಟಿಯ ಜೊತೆಗೇ ಬಸ್ ಹತ್ತಿದೆ.

ಮೊದಮೊದಲು ನಾನು ನಂಬಿದ್ದ ಗುರುತುಗಳು ಬೇರೆ ಇದ್ದವು, ಅವು ಕೆಲಸಕ್ಕೆ ಬರಲಿಲ್ಲ. ಸೋಮವಾರಪೇಟೆ ಕಡೆ ಒಬ್ಬರು ಸಂದರ್ಶನದ ದಿನ ಅಕ್ಕಿ ರೊಟ್ಟಿ ಬಡಿಸಿ, ಮನೆಯವನಂತೆ ಮಾತನಾಡಿಸಿದ್ದರು. ಅವರಿಂದ ನನಗೆ ಸುಮಾರು 18 ಸಾವಿರ ಇಂದಿಗೂ ಬರಬೇಕು. ನಾಪೋಕ್ಲು ಕಡೆಯ ಇನ್ನೊಬ್ಬರು ತೂಕದ ಪುಸ್ತಕದ ಒಂದು ಪುಟ ಕೊಟ್ಟು ಅಲ್ಲೇ ಕೂಡಿಸಲು ಹೇಳಿ, ಒಂದು ಅಂಕಿ ತಪ್ಪಿದ್ದಕ್ಕೆ ಗದರಿದರು. ಅಲ್ಲಿ ಇದ್ದಷ್ಟು ಕಾಲ ಸಂಬಳ ಒಂದು ದಿನವೂ ತಡವಾಗಲಿಲ್ಲ. ಒರಟು ಮಾತಿಗೆ ನಾನೀಗ ಹೆದರುವುದಿಲ್ಲ. ತಾರೀಕು, ಮೊತ್ತ ಕೇಳಿದಾಗ ಮಾತು ತೇಲಿಸುವವರಿಗೆ ಹೆದರುತ್ತೇನೆ.

ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವ ತೋಟದಲ್ಲಿ ಪಿ.ಎಫ್. (ಭವಿಷ್ಯನಿಧಿ) ಇದೆಯೇ ಎಂದು ಕೇಳುವುದು ದಂಡ, ಎಲ್ಲರೂ ಇದೆ ಎನ್ನುತ್ತಾರೆ. 'ಹೋದ ತಿಂಗಳ ಚಲನ್ ಕಟ್ಟಿದ್ದು ಯಾರು' ಎಂದು, ಅಂದರೆ ಪಿ.ಎಫ್. ಹಣ ಕಟ್ಟಿದವರು ಯಾರೆಂದು ಕೇಳಬೇಕು. ಕಟ್ಟುವವರು ಗುಮಾಸ್ತರ ಹೆಸರನ್ನು ತಟ್ಟನೆ ಹೇಳುತ್ತಾರೆ. ಕಟ್ಟದವರು ಆಡಿಟರ್ ಕಡೆ ಕೈ ತೋರಿಸುತ್ತಾರೆ. ಸೇರಿದ ಮೇಲೆ ಪಿ.ಎಫ್. ಪಾಸ್‌ಬುಕ್ ಮೊಬೈಲಿನಲ್ಲೇ ಕಾಣುತ್ತದೆ ನಿಜ, ಆದರೆ ಅಷ್ಟರಲ್ಲಿ ತೋಟದವರು ಕೊಡುವ ಲೈನ್ ಮನೆಗೆ ಸಾಮಾನು ಸಾಗಿಸಿ ಆಗಿರುತ್ತದೆ.

ಗೋಣಿಕೊಪ್ಪ ಸುತ್ತಿನ ತೋಟವಾದರೆ ಶನಿವಾರ ಸಂಜೆಯೇ ಬರುತ್ತೇನೆಂದು ಕೇಳಿಕೊಳ್ಳುತ್ತೇನೆ. ಭಾನುವಾರ ಸಂತೆ, ಹಾಗಾಗಿ ಹಿಂದಿನ ಸಂಜೆ ಬಟವಾಡೆ ನಡೆಯುತ್ತಿರಬೇಕು. ನಡೆಯದಿದ್ದರೆ ಒಳಗೆ ಹೋಗುವ ಮೊದಲೇ ಅರ್ಧ ಉತ್ತರ ಸಿಕ್ಕಂತೆ. ಬಸ್ ಚಾರ್ಜ್ ಕೇಳಿ ನೋಡಿದ್ದೂ ಉಂಟು. ಕೊಟ್ಟವರೂ ಕೊಡದವರೂ ಸಂಬಳದ ವಿಷಯದಲ್ಲಿ ಒಂದೇ ಆಗಿದ್ದರಿಂದ ಅದನ್ನು ಬಿಟ್ಟೆ.

ಭಾವನಿಗೆ ಲೆಕ್ಕವನ್ನೂ ಹೇಳಿದೆ. 24 ಸಾವಿರದಲ್ಲಿ ಎರಡು ತಿಂಗಳು ಬಾರದಿದ್ದರೆ ವರ್ಷದ ಸರಾಸರಿ 20. ನನ್ನ 19ಕ್ಕೆ ಮಾಲೀಕರ ಪಿ.ಎಫ್. ಪಾಲು, ಬಾಡಿಗೆಯಿಲ್ಲದ ಮನೆ, ಸೌದೆ ಸೇರಿಸಿದರೆ ತಕ್ಕಡಿ ನನ್ನ ಕಡೆಗೇ ವಾಲುತ್ತದೆ. ಅವರು ಒಪ್ಪಿದರು, ಬಾಯಿಬಿಟ್ಟು ಹೇಳಲಿಲ್ಲ.

ಗೇಟಿನ ಬಳಿ ಮೇಸ್ತ್ರಿಯನ್ನು ಕೇಳುವ ಒಂದು ಪ್ರಶ್ನೆಯೂ ಇದೆ, ನಿಜ ಹೇಳುವುದಾದರೆ ಎಲ್ಲಕ್ಕಿಂತ ಅದೇ ಗಟ್ಟಿ. ಅದನ್ನು ಇಲ್ಲಿ ಬರೆಯುವುದಿಲ್ಲ, ಸಾಹುಕಾರರೂ ಇದನ್ನು ಓದುತ್ತಾರೆ.