ಪಂಪ್ ಬಿಚ್ಚುವ ಮೊದಲು ಒಂದು ಗ್ರಾಫ್ ಹಾಕಿ ನೋಡಿ

ವ್ಯಾಕ್ಯೂಮ್ ಫರ್ನೇಸ್ (ಒಳಗಿನ ಗಾಳಿ ತೆಗೆದು ಕಾಯಿಸುವ ಕುಲುಮೆ) ಇರುವ ವರ್ಕ್‌ಶಾಪ್‌ಗಳಲ್ಲಿ ಈ ಮಾತು ಆಗಾಗ ಕೇಳುತ್ತದೆ: "ಸಾರ್, ವ್ಯಾಕ್ಯೂಮ್ ಎಳೀತಾ ಇಲ್ಲ." ಕೂಡಲೇ ಪಂಪಿನ ಎಣ್ಣೆ ಬದಲಿಸುತ್ತಾರೆ. ಆಗಲಿಲ್ಲ ಅಂದರೆ ಪಂಪನ್ನೇ ಬಿಚ್ಚುತ್ತಾರೆ. ಅದಕ್ಕೂ ಬಗ್ಗದಿದ್ದರೆ ದೊಡ್ಡ ಪಂಪಿಗೆ ಕೊಟೇಶನ್ ತರಿಸುತ್ತಾರೆ. ಎಷ್ಟೋ ಸಲ ತಪ್ಪು ಪಂಪಿನದ್ದಾಗಿರುವುದೇ ಇಲ್ಲ. ಒತ್ತಡ ಎಷ್ಟು ಬೇಗ ಇಳಿಯಬೇಕು, ನಿಜಕ್ಕೂ ಹೇಗೆ ಇಳಿಯುತ್ತಿದೆ ಎಂದು ಗ್ರಾಫ್ ಹಾಕಿದರೆ ಅದು ಗೊತ್ತಾಗುತ್ತದೆ. ಅದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಎಕ್ಸೆಲ್ ಸಾಕು, ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್ ಆದರೂ ಸಾಕು.

ಮೊದಲ ಹೆಜ್ಜೆ: ಶುರುವಿನ ಒತ್ತಡ ಸರಿಯಾಗಿ ಬರೆಯಿರಿ

ಪುಸ್ತಕಗಳಲ್ಲಿ ಗಾಳಿಯ ಒತ್ತಡ 1013 ಮಿಲಿಬಾರ್ ಎಂದಿರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರು 900 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿ ಸುಮಾರು 910 ಮಿಲಿಬಾರ್ ಮಾತ್ರ. ಹಾಗಾಗಿ ಕರಾವಳಿಯ ಮಂಗಳೂರಿನ ಬೈಕಂಪಾಡಿಯಲ್ಲಿ 760ರ (ಇದು ಮಿಲಿಮೀಟರ್ ಪಾದರಸದ ಅಳತೆ) ಹತ್ತಿರ ಹೋಗುವ ಮುಳ್ಳಿನ ಗೇಜ್, ಬೆಂಗಳೂರಿನ ಪೀಣ್ಯದಲ್ಲಿ 680ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದನ್ನು ನೋಡಿ "ಇನ್ನೂ 80 ಬಾಕಿ ಇದೆ" ಎಂದು ಲೀಕ್ ಹುಡುಕುತ್ತಾ ಕೂತವರನ್ನು ನಾನು ನೋಡಿದ್ದೇನೆ. ಒಂದು ಮಿಲಿಬಾರ್‌ಗಿಂತ ಕೆಳಗೆ ಆ ಮುಳ್ಳಿನ ಗೇಜ್ ಏನನ್ನೂ ಹೇಳಲಾರದು. ಅಲ್ಲಿಗೆ ಪಿರಾನಿ ಗೇಜ್ ಬೇಕು; ಬಿಸಿ ತಂತಿಯಿಂದ ಅನಿಲ ಎಷ್ಟು ಶಾಖ ಒಯ್ಯುತ್ತದೆ ಎಂಬುದರಿಂದ ಅದು ಒತ್ತಡ ಅಳೆಯುತ್ತದೆ. ಪಿರಾನಿಯ ಅಳತೆ ಸಾಮಾನ್ಯವಾಗಿ ನೈಟ್ರೋಜನ್‌ಗೆ ಹೊಂದಿಸಿದ್ದು. ಒಳಗೆ ಆರ್ಗಾನ್ ಇದ್ದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ನೆನಪಿರಲಿ.

ಎರಡನೆಯದು: ಆಗಬೇಕಾದ ಗೆರೆ

ಚೇಂಬರ್ 1000 ಲೀಟರ್, ಅಂದರೆ 1 ಘನ ಮೀಟರ್ ಎಂದಿಟ್ಟುಕೊಳ್ಳಿ. ಪಂಪ್ ಗಂಟೆಗೆ 100 ಘನ ಮೀಟರ್‌ನದ್ದು. ಶೀಟಿನ ಮೊದಲ ಕಾಲಂನಲ್ಲಿ ಒತ್ತಡ ಬರೆಯಿರಿ: 910, 500, 100, 10, 1, 0.1. ಎರಡನೇ ಕಾಲಂನಲ್ಲಿ ಪ್ರತಿ ಒತ್ತಡಕ್ಕೆ ಇಳಿಯಲು ಬೇಕಾದ ಸಮಯ. ಚೇಂಬರಿನ ಅಳತೆಯನ್ನು ಪಂಪಿನ ವೇಗದಿಂದ ಭಾಗಿಸಿ. 910ನ್ನು ಆ ಸಾಲಿನ ಒತ್ತಡದಿಂದ ಭಾಗಿಸಿ, ಬಂದ ಸಂಖ್ಯೆಯ ಎಲ್‌ಎನ್ (ಶೀಟಿನ LN ಫಂಕ್ಷನ್, ಅಂದರೆ ನೈಸರ್ಗಿಕ ಲಾಗ್) ತೆಗೆದು ಗುಣಿಸಿ. ಉತ್ತರ ಗಂಟೆಯಲ್ಲಿ ಬರುತ್ತದೆ, 60ರಿಂದ ಗುಣಿಸಿದರೆ ನಿಮಿಷ. 1 ಮಿಲಿಬಾರ್‌ಗೆ ಸುಮಾರು 4.1 ನಿಮಿಷ, 0.1ಕ್ಕೆ 5.5 ನಿಮಿಷ ಬರಬೇಕು. ಗ್ರಾಫ್ ಹಾಕುವಾಗ ಒತ್ತಡದ ಅಕ್ಷವನ್ನು ಲಾಗ್ ಸ್ಕೇಲಿಗೆ ಬದಲಿಸಿ. ಗೆರೆ ನೇರವಾಗಿ ಇಳಿಯುತ್ತದೆ.

ಮೂರನೆಯದು: ಪೈಪಿನ ಲೆಕ್ಕ

ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲಿ. ಒತ್ತಡ ಜಾಸ್ತಿ ಇರುವಾಗ ಗಾಳಿ ಪೈಪಿನಲ್ಲಿ ನೀರಿನ ಹಾಗೆ ಹರಿಯುತ್ತದೆ, ಅಲ್ಲಿ ಪೈಪ್ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಸಾವಿರದ ಒಂದು ಪಾಲು ಮಿಲಿಬಾರ್‌ಗೆ ಇಳಿದಾಗ ಒಂದು ಕಣ ಇನ್ನೊಂದನ್ನು ಮುಟ್ಟಲು ಸರಾಸರಿ 6-7 ಸೆಂಟಿಮೀಟರ್ ಹೋಗಬೇಕು. ಆಗ ಕಣಗಳನ್ನು ಯಾರೂ ಹಿಂದಿನಿಂದ ತಳ್ಳುವುದಿಲ್ಲ. ಪೈಪಿನ ಗೋಡೆಗೆ ಬಡಿದು ಬಡಿದು, ಸಿಕ್ಕಿದ ದಿಕ್ಕಿಗೆ ಹೋಗುತ್ತವೆ. ಎಷ್ಟೋ ಕಣಗಳು ಚೇಂಬರಿಗೇ ವಾಪಸ್ ಬರುತ್ತವೆ.

ತುಂಬಾ ಕಡಿಮೆ ಒತ್ತಡಕ್ಕೆ ಇಳಿಸಲು ಬಳಸುವ ಡಿಫ್ಯೂಷನ್ ಪಂಪ್ ಕಡೆಯ ಒಂದು ಉದಾಹರಣೆ. ಪಂಪ್ ಸೆಕೆಂಡಿಗೆ 500 ಲೀಟರ್‌ನದ್ದು. ನಡುವೆ 10 ಸೆಂಟಿಮೀಟರ್ ವ್ಯಾಸದ, ಒಂದು ಮೀಟರ್ ಉದ್ದದ ಪೈಪ್. ವ್ಯಾಸವನ್ನು ಮೂರು ಸಲ ಗುಣಿಸಿ, 12.1ರಿಂದ ಗುಣಿಸಿ. ಉದ್ದಕ್ಕೆ ವ್ಯಾಸದ 1.33 ಪಟ್ಟು ಸೇರಿಸಿ, ಅದರಿಂದ ಭಾಗಿಸಿ. ಎಲ್ಲ ಅಳತೆ ಸೆಂಟಿಮೀಟರ್‌ನಲ್ಲಿರಲಿ. ಈ ಪೈಪ್ ಬಿಡುವುದು ಸೆಕೆಂಡಿಗೆ ಸುಮಾರು 107 ಲೀಟರ್ ಮಾತ್ರ. ಈಗ 500 ಮತ್ತು 107ನ್ನು ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿ. ಚೇಂಬರಿಗೆ ನಿಜವಾಗಿ ಸಿಗುವ ವೇಗ 88 ಲೀಟರ್! ಪಂಪನ್ನು 1000ಕ್ಕೆ ಏರಿಸಿದರೆ? 97 ಆಗುತ್ತದೆ, ಅಷ್ಟೇ. ಹಳೇ ಪಂಪನ್ನೇ ಇಟ್ಟುಕೊಂಡು ಪೈಪಿನ ವ್ಯಾಸವನ್ನು 20 ಸೆಂಟಿಮೀಟರ್ ಮಾಡಿದರೆ 300 ದಾಟುತ್ತದೆ. ಈ ಒಂದು ಲೆಕ್ಕ ಮಾಡದೆ ದೊಡ್ಡ ಪಂಪಿಗೆ ಆರ್ಡರ್ ಕೊಡಬೇಡಿ, ದಯವಿಟ್ಟು.

ನಾಲ್ಕನೆಯದು: ಆಗುತ್ತಿರುವ ಗೆರೆ

ಈಗ ಪಂಪ್ ಹಾಕಿ, ಗೇಜಿನ ಒತ್ತಡ ಬರೆದುಕೊಳ್ಳಿ. ಡೇಟಾ ಲಾಗರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲಿನಲ್ಲಿ ಗೇಜಿನ ವಿಡಿಯೊ ತೆಗೆದು, ಆಮೇಲೆ ಅರ್ಧ ನಿಮಿಷಕ್ಕೊಂದರಂತೆ ಸಂಖ್ಯೆ ತುಂಬಬಹುದು. ಎರಡೂ ಗೆರೆ ಒಂದೇ ಗ್ರಾಫಿನಲ್ಲಿರಲಿ.

ಶುರುವಿನಿಂದಲೇ ನಿಧಾನವಾಗಿದ್ದರೆ ಪಂಪ್, ಅದರ ಮುಂದಿನ ಫಿಲ್ಟರ್, ಅರ್ಧ ತೆರೆದ ವಾಲ್ವ್ ನೋಡಿ. ಶುರುವಿನಲ್ಲಿ ಎರಡೂ ಒಟ್ಟಿಗೆ ಇಳಿದು, ಕೆಳಗೆ ಬಂದ ಮೇಲೆ ನಿಮ್ಮ ಗೆರೆ ಮಲಗಿಕೊಂಡಿತು ಅಂದರೆ ಒಳಗೆ ಎಲ್ಲಿಂದಲೋ ಅನಿಲ ಬರುತ್ತಿದೆ. ಅದು ಲೀಕೋ, ತೇವವೋ?

ಐದನೆಯದು: ವಾಲ್ವ್ ಮುಚ್ಚಿ ಕಾಯಿರಿ

ಪಂಪಿನ ವಾಲ್ವ್ ಮುಚ್ಚಿ, ಅರ್ಧ ಗಂಟೆ ಒತ್ತಡ ಎಷ್ಟು ಏರುತ್ತದೆ ಎಂದು ಬರೆದುಕೊಳ್ಳಿ. ಈ ಗ್ರಾಫಿಗೆ ಲಾಗ್ ಸ್ಕೇಲ್ ಬೇಡ. ನೇರವಾಗಿ ಏರುತ್ತಲೇ ಹೋದರೆ ಲೀಕ್. ಮೊದಲು ಬೇಗ ಏರಿ ಆಮೇಲೆ ಬಾಗಿದರೆ ಗೋಡೆ, ಶಾಖ ನಿರೋಧಕ ಪದರಗಳಿಂದ ನೀರಿನ ಆವಿ ಬರುತ್ತಿದೆ. ಅನುಮಾನವಿದ್ದರೆ ಎರಡು ಗಂಟೆ ಪಂಪ್ ಓಡಿಸಿ ಮತ್ತೆ ಮಾಡಿ. ತೇವವಾಗಿದ್ದರೆ ಏರಿಕೆ ಕಡಿಮೆಯಾಗಿರುತ್ತದೆ. ಲೀಕ್ ಹಾಗೇ ಇರುತ್ತದೆ.

ಈ ಪರೀಕ್ಷೆಯಿಂದ ಪಂಪಿನ ಸತ್ಯವೂ ಹೊರಬರುತ್ತದೆ. 1000 ಲೀಟರ್ ಚೇಂಬರಿನಲ್ಲಿ 10 ನಿಮಿಷಕ್ಕೆ 0.06 ಮಿಲಿಬಾರ್ ಏರಿತು ಅನ್ನಿ. 0.06ನ್ನು 1000ದಿಂದ ಗುಣಿಸಿ 600 ಸೆಕೆಂಡಿನಿಂದ ಭಾಗಿಸಿದರೆ 0.1 ಬರುತ್ತದೆ. ಇದು ಪ್ರತಿ ಸೆಕೆಂಡಿಗೆ ಒಳಗೆ ಬರುತ್ತಿರುವ ಅನಿಲ, ಮಿಲಿಬಾರ್-ಲೀಟರ್ ಲೆಕ್ಕದಲ್ಲಿ. ಗಂಟೆಗೆ 100 ಘನ ಮೀಟರ್‌ನ ನಮ್ಮ ಮೊದಲಿನ ಪಂಪಿನ (ಅದು ರೋಟರಿ ಪಂಪ್) ವೇಗ ಅಂದರೆ ಸೆಕೆಂಡಿಗೆ 28 ಲೀಟರ್. 0.1ನ್ನು 28ರಿಂದ ಭಾಗಿಸಿ. ಆ ಪಂಪ್ 0.004 ಮಿಲಿಬಾರ್ ಹತ್ತಿರ ಹೋಗಬೇಕು. 0.05ರಲ್ಲೇ ನಿಂತರೆ ಮಾತ್ರ ಪಂಪ್, ಅದರ ಎಣ್ಣೆಯ ಮೇಲೆ ಅನುಮಾನಪಡಿ.

ಮಳೆಗಾಲದ ಒಂದು ಸೋಮವಾರ ನೆನಪಾಗುತ್ತದೆ. ಭಾನುವಾರವೆಲ್ಲ ಫರ್ನೇಸ್ ಬಾಗಿಲು ತೆರೆದೇ ಇತ್ತು. ಬೆಳಿಗ್ಗೆ ವ್ಯಾಕ್ಯೂಮ್ ಬರಲಿಲ್ಲ. ನಾವು ಮಧ್ಯಾಹ್ನದವರೆಗೆ ಸುಮ್ನೆ ಓ-ರಿಂಗ್ (ಸೀಲಿನ ರಬ್ಬರ್ ಉಂಗುರ) ಬದಲಿಸುತ್ತಾ ಕೂತೆವು. ಆಮೇಲೆ ವಾಲ್ವ್ ಮುಚ್ಚಿ ನೋಡಿದರೆ ಗೆರೆ ಚೆನ್ನಾಗಿ ಬಾಗಿತ್ತು. ಒಳಗಿನ ಶಾಖ ನಿರೋಧಕ ಫೆಲ್ಟ್ ರಾತ್ರಿಯಿಡೀ ತೇವ ಕುಡಿದಿತ್ತು, ಅಷ್ಟೇ. ಪಂಪಿನ ಗ್ಯಾಸ್ ಬ್ಯಾಲಸ್ಟ್ ವಾಲ್ವ್ ತೆರೆದು ಓಡಿಸಿದೆವು, ಸಂಜೆಗೆ ಸರಿಯಾಯಿತು. ಪಂಪಿನೊಳಗೆ ಆವಿ ನೀರಾಗದಂತೆ ಸ್ವಲ್ಪ ಗಾಳಿ ಬಿಡುವ ಈ ಉಪಾಯ 1935ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಗೇಡೆ ಕಂಡುಹಿಡಿದದ್ದು. ಇವತ್ತಿಗೂ ಅದೇ ಕೆಲಸಕ್ಕೆ ಬರುತ್ತದೆ, ಅಲ್ವಾ!

ಎಕ್ಸೆಲ್ ಸಾಲದಾದಾಗ

ಬಾಗಿದ ಪೈಪ್, ನಡುವೆ ತಡೆ ತಟ್ಟೆ, ವಿಚಿತ್ರ ಆಕಾರದ ಚೇಂಬರ್ ಇದ್ದರೆ ಮೇಲಿನ ಸೂತ್ರ ಸಾಕಾಗುವುದಿಲ್ಲ. ಆಗ ಯುರೋಪಿನ ಕಣ ಭೌತವಿಜ್ಞಾನ ಸಂಸ್ಥೆ ಸರ್ನ್‌ನ ಮೋಲ್‌ಫ್ಲೋ ಸಾಫ್ಟ್‌ವೇರ್ ಇಳಿಸಿಕೊಳ್ಳಿ, ಉಚಿತ. ನಿಮ್ಮ ಕ್ಯಾಡ್ ಚಿತ್ರವನ್ನು (ಕಂಪ್ಯೂಟರಿನಲ್ಲಿ ಬರೆದ ವಿನ್ಯಾಸ) ಎಸ್‌ಟಿಎಲ್ ಎಂಬ 3ಡಿ ಆಕಾರದ ಫೈಲಾಗಿ ಕೊಡಿ. ಯಾವ ಮುಖದಿಂದ ಅನಿಲ ಬರುತ್ತದೆ, ಪಂಪ್ ಯಾವ ಮುಖದಲ್ಲಿದೆ ಎಂದು ಗುರುತಿಸಿ. ಅದು ಲಕ್ಷಾಂತರ ಕಣಗಳನ್ನು ಒಂದೊಂದಾಗಿ ಹಾರಿಸಿ, ಎಲ್ಲಿ ಎಷ್ಟು ಒತ್ತಡ ಎಂದು ಬಣ್ಣದಲ್ಲಿ ತೋರಿಸುತ್ತದೆ. ಆದರೆ ಕಣಗಳು ಒಂದಕ್ಕೊಂದು ಬಡಿಯದಷ್ಟು ಕಡಿಮೆ ಒತ್ತಡಕ್ಕೆ ಮಾತ್ರ ಇದನ್ನು ನಂಬಿ. ಶುರುವಿನ ಪಂಪಿಂಗ್ ಲೆಕ್ಕಕ್ಕೆ ಇದು ಬೇಡವೇ ಬೇಡ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಯಂತ್ರ ಚೆನ್ನಾಗಿರುವಾಗಲೇ ಎರಡೂ ಗ್ರಾಫ್ (ಒತ್ತಡ ಇಳಿಯುವುದು, ವಾಲ್ವ್ ಮುಚ್ಚಿದಾಗ ಏರುವುದು) ತೆಗೆದು, ಪ್ರಿಂಟ್ ಹಾಕಿ ಪ್ಯಾನೆಲ್ ಪಕ್ಕ ಅಂಟಿಸಿ. ತಾರೀಕು, ಎಣ್ಣೆ ಬದಲಿಸಿದ ದಿನ, ಆ ದಿನ ಮಳೆ ಇತ್ತೋ ಇಲ್ಲವೋ ಎಂಬುದನ್ನೂ ಕೆಳಗೆ ಬರೆದಿಡಿ.