ಪ್ಲಗ್ ಬದಲಿಸಿದ ಮೇಲೆ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆಯೇ? ಕೈ ಹಾಕಿದ ಜಾಗದಿಂದಲೇ ಹುಡುಕಿ

ಹೊಸ ಸ್ಪಾರ್ಕ್ ಪ್ಲಗ್ ಹಾಕಿದ ಮೇಲೆ ಕಾರು ಮೊದಲಿಗಿಂತ ಚೆನ್ನಾಗಿ ಓಡಬೇಕು. ಅದರ ಬದಲು ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ನಡುಗುತ್ತದೆ, ಬಾನೆಟ್ ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತದೆ, ಏರು ಹತ್ತುವಾಗ ಪಿಕಪ್ ಸಿಗುವುದಿಲ್ಲ. ಆಗ ತುಂಬ ಜನ ಗಾಬರಿಯಾಗಿ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಸೆಟ್ ಬದಲಿಸುತ್ತಾರೆ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕ್ಲೀನ್ ಮಾಡಿಸುತ್ತಾರೆ. ಬಹಳ ಸಲ ಅದೆಲ್ಲ ಸುಮ್ನೆ ಖರ್ಚು. ನಿನ್ನೆ ಸರಿಯಿದ್ದ ಎಂಜಿನ್ ಪ್ಲಗ್ ಬದಲಿಸಿದ ಕೂಡಲೇ ಕೆಟ್ಟರೆ, ಬಿಚ್ಚಿ ಜೋಡಿಸಿದ ಜಾಗವನ್ನೇ ಮೊದಲು ಅನುಮಾನಿಸಬೇಕು.

ಪ್ಲಗ್ ಬದಲಿಸುವ ಮೊದಲೇ ಮಿಸ್ಸಿಂಗ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ತಪ್ಪುವುದು) ಇತ್ತೇ ಎಂದು ಮೊದಲು ನೆನಪಿಸಿಕೊಳ್ಳಿ. ಇತ್ತು ಅನ್ನುವುದಾದರೆ ಕಾರಣ ಬೇರೆ ಕಡೆಯೂ ಇರಬಹುದು. ಇರಲಿಲ್ಲ ಅಂದರೆ ಮುಂದೆ ಓದಿ. ಇಲ್ಲಿ ಹೇಳಿರುವುದು ಪ್ರತಿ ಪ್ಲಗ್ ಮೇಲೂ ಒಂದೊಂದು ಕಾಯಿಲ್ ಕೂರುವ ಈಗಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರುಗಳಿಗೆ. ಮೂರು ಸಿಲಿಂಡರ್ ಕಾರಿಗೂ ಇದೇ ದಾರಿ. ಆದರೆ ಅವು ಐಡ್ಲಿಂಗ್‌ನಲ್ಲಿ ಸಹಜವಾಗಿಯೇ ಸ್ವಲ್ಪ ಜಾಸ್ತಿ ನಡುಗುತ್ತವೆ ಅನ್ನುವುದು ನೆನಪಿರಲಿ.

ಮೊದಲು ಚೆಕ್ ಎಂಜಿನ್ ಲೈಟ್ ನೋಡಿ

ಲೈಟ್ ಮಿನುಗುತ್ತಿದ್ದರೆ ಗಾಡಿ ಓಡಿಸಬೇಡಿ. ಮಿಸ್ಸಿಂಗ್ ಜೋರಾಗಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗುತ್ತಿದೆ ಎಂದು ಅದರ ಅರ್ಥ. ಆ ಪೆಟ್ರೋಲ್ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಸುಟ್ಟುಹಾಕುತ್ತದೆ. ಪ್ಲಗ್ ಸೆಟ್‌ಗಿಂತ ಎಷ್ಟೋ ಪಟ್ಟು ದುಬಾರಿ ಭಾಗ ಅದು. 'ಗ್ಯಾರೇಜ್‌ವರೆಗೆ ತಾನೇ' ಅಂತ ಹತ್ತು ಕಿಲೋಮೀಟರ್ ಎಳೆಯಬೇಡಿ. ಲೈಟ್ ಮಿನುಗದೆ ಸುಮ್ಮನೆ ಉರಿಯುತ್ತಿದ್ದರೆ ಅಷ್ಟು ಅವಸರವಿಲ್ಲ, ಆದರೂ ಬೇಗ ನೋಡಬೇಕು.

ಡ್ಯಾಶ್‌ಬೋರ್ಡ್ ಕೆಳಗಿನ ಒಬಿಡಿ ಸಾಕೆಟ್‌ಗೆ ಚುಚ್ಚುವ ಪುಟ್ಟ ಬ್ಲೂಟೂತ್ ಸ್ಕ್ಯಾನರ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಅದರಲ್ಲಿ ಪಿ0301 ಅನ್ನುವ ಕೋಡ್ ಬಂದರೆ ಮಿಸ್ಸಿಂಗ್ ಇರುವುದು ಒಂದನೇ ಸಿಲಿಂಡರ್‌ನಲ್ಲಿ, ಪಿ0302 ಎರಡನೆಯದು, ಹೀಗೆ ಪಿ0304ರವರೆಗೆ. ಪಿ0300 ಬಂದರೆ ಯಾವುದೋ ಒಂದು ಸಿಲಿಂಡರ್ ಅಲ್ಲ, ಬೇರೆ ಬೇರೆ ಸಿಲಿಂಡರ್‌ಗಳಲ್ಲಿ ತಪ್ಪುತ್ತಿದೆ ಎಂದರ್ಥ. ಆಗ ಪ್ಲಗ್‌ಗಳೇ ಬೇರೆ ಮಾದರಿಯವೇ, ಗ್ಯಾಪ್ (ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಸಂದು) ತಪ್ಪಿದೆಯೇ, ಏರ್ ಫಿಲ್ಟರ್ ಪೈಪ್ ಬಿಚ್ಚಿದಾಗ ಯಾವುದಾದರೂ ವ್ಯಾಕ್ಯೂಮ್ ಹೋಸ್ (ಎಂಜಿನ್‌ಗೆ ಸೇರುವ ಸಣ್ಣ ರಬ್ಬರ್ ಪೈಪ್) ಕಳಚಿದೆಯೇ ಎಂದು ನೋಡಿ. ಹೋಸ್ ಕಳಚಿದ್ದರೆ 'ಸ್ಸ್' ಅನ್ನುವ ಸದ್ದು ಸಾಮಾನ್ಯವಾಗಿ ಕಿವಿಗೆ ಬೀಳುತ್ತದೆ.

ಸದ್ದು ಎಂಥದ್ದು?

ಕೋಲ್ಡ್ ಸ್ಟಾರ್ಟ್ ಮಾಡಿ ಸದ್ದಿಗೆ ಕಿವಿಗೊಡಿ. ಬೆಲ್ಟ್, ಫ್ಯಾನ್ ಹತ್ತಿರ ಕೈ ಬೇಡ, ಸಡಿಲ ಬಟ್ಟೆ ಬೇಡ.

ಒಂದು ಸಿಲಿಂಡರ್ ಸತ್ತಿದ್ದರೆ ಎಗ್ಸಾಸ್ಟ್‌ನಿಂದ ತಾಳ ತಪ್ಪಿದ ಡುಗ್ ಡುಗ್ ಬರುತ್ತದೆ. ಐಡ್ಲಿಂಗ್ 750 ಆರ್‌ಪಿಎಂ ಇದ್ದರೆ ಒಂದು ಸಿಲಿಂಡರ್ ನಿಮಿಷಕ್ಕೆ 375 ಸಲ, ಅಂದರೆ ಸೆಕೆಂಡಿಗೆ ಸುಮಾರು ಆರು ಸಲ ಉರಿಯಬೇಕು. ಅಷ್ಟು ಸಲವೂ ತಪ್ಪುವುದರಿಂದಲೇ ನಡುಕ ಒಂದೇ ಲಯದಲ್ಲಿ ಇರುತ್ತದೆ. ಯಾವಾಗಲೋ ಒಮ್ಮೆ ಮಾತ್ರ ಎಡವಿದ ಹಾಗಾದರೆ ಸಡಿಲ ಕನೆಕ್ಟರ್ ಅಥವಾ ಎಲ್ಲೋ ಹಾರುತ್ತಿರುವ ಕಿಡಿಯ ಮೇಲೆ ಅನುಮಾನ ಪಡಿ.

'ಚುಫ್ ಚುಫ್' ಅಥವಾ ಗಟ್ಟಿ ಟಿಕ್ ಟಿಕ್ ಬಂದು, ರೇಸ್ ಮಾಡಿದಾಗ, ಲೋಡ್ ಬಿದ್ದಾಗ ಅದು ಜಾಸ್ತಿಯಾದರೆ ಪ್ಲಗ್ ಸರಿಯಾಗಿ ಟೈಟ್ ಆಗಿಲ್ಲದಿರಬಹುದು. ಕಂಪ್ರೆಷನ್ ಗಾಳಿ ಪ್ಲಗ್ ಪಕ್ಕದಿಂದ ನುಸುಳುವ ಸದ್ದು ಅದು. ಇದನ್ನು ಟಪೆಟ್ ಸೌಂಡ್ (ವಾಲ್ವ್‌ಗಳ ಕಡೆಯ ಸದ್ದು) ಎಂದುಕೊಂಡು ಟಪೆಟ್ ಕೆಲಸಕ್ಕೆ ಕೈ ಹಾಕಿಸಬೇಡಿ. ಒಂದು ಮೀಟರ್ ಉದ್ದದ ರಬ್ಬರ್ ಪೈಪ್‌ನ ಒಂದು ತುದಿ ಕಿವಿಗೆ ಇಟ್ಟು, ಇನ್ನೊಂದು ತುದಿಯನ್ನು ಒಂದೊಂದು ಪ್ಲಗ್ ಕೂರುವ ಗುಂಡಿಯ ಬಳಿ ಹಿಡಿದರೆ ಯಾವುದು ಎಂದು ಗೊತ್ತಾಗುತ್ತದೆ.

ಇಂಜೆಕ್ಟರ್‌ಗಳು ಯಾವಾಗಲೂ ಟಿಕ್ ಟಿಕ್ ಅನ್ನುತ್ತವೆ. ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದಿಟ್ಟಾಗ ಅದು ಹೊಸ ಸದ್ದಿನಂತೆ ಕೇಳಿಸುತ್ತದೆ. ನಡುಕವಿಲ್ಲ, ಲೈಟ್ ಇಲ್ಲ ಅಂದರೆ ಕವರ್ ಹಾಕಿ ಇನ್ನೊಮ್ಮೆ ಕೇಳಿ.

ಆದರೆ ಲೋಹಕ್ಕೆ ಲೋಹ ಬಡಿಯುವ ಟಕ್ ಟಕ್ ಬಂದರೆ ತಕ್ಷಣ ಆಫ್ ಮಾಡಿ. ಥ್ರೆಡ್ ಉದ್ದವಿರುವ ತಪ್ಪು ಪ್ಲಗ್ ಹಾಕಿದ್ದರೆ ಅದರ ತುದಿಗೆ ಪಿಸ್ಟನ್ ಬಡಿಯಬಹುದು. ಇಲ್ಲಿ ಎರಡನೇ ಸಲ ಸ್ಟಾರ್ಟ್ ಮಾಡಿ ಪರೀಕ್ಷಿಸುವ ಮಾತೇ ಇಲ್ಲ.

ಕನೆಕ್ಟರ್, ಕಾಯಿಲ್, ಆಮೇಲೆ ಪ್ಲಗ್

ಎಂಜಿನ್ ಪೂರ್ತಿ ತಣ್ಣಗಾಗಲಿ. ಹೆಡ್ (ಪ್ಲಗ್ ಕೂರುವ ಎಂಜಿನ್‌ನ ಮೇಲ್ಭಾಗ) ಅಲ್ಯೂಮಿನಿಯಂ, ಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ಥ್ರೆಡ್ ಹಾಳಾಗುವ ಭಯವಿದೆ. ಕೀ ತೆಗೆಯಿರಿ.

ಪ್ರತಿ ಕಾಯಿಲ್‌ನ ಕನೆಕ್ಟರ್ ಒತ್ತಿ ನೋಡಿ. 'ಕ್ಲಿಕ್' ಅಂತ ಕೂತು, ಮೆಲ್ಲಗೆ ಎಳೆದರೆ ಬರಬಾರದು. ಎಂಜಿನ್ ಬಿಸಿಗೆ ವರ್ಷಗಟ್ಟಲೆ ಬೆಂದ ಪ್ಲಾಸ್ಟಿಕ್ ಲಾಕ್ ಬಿಚ್ಚುವಾಗ ಮುರಿಯುತ್ತದೆ. ನೋಡಲು ಕೂತ ಹಾಗೇ ಇರುತ್ತದೆ, ಗಾಡಿ ನಡುಗಿದಾಗ ಹಿಂದೆ ಸರಿಯುತ್ತದೆ. ಪ್ಲಗ್ ಬದಲಿಸಿದ ಮೇಲೆ ಬರುವ ಮಿಸ್ಸಿಂಗ್‌ಗೆ ಇದು ತೀರಾ ಸಾಮಾನ್ಯ ಕಾರಣ, ಕಾಸು ಖರ್ಚಿಲ್ಲದೆ ಪತ್ತೆಯಾಗುವ ಕಾರಣವೂ ಹೌದು. ಹಳೆಯ ಕಾರಿನಲ್ಲಿ ಪ್ಲಗ್ ವೈರ್‌ಗಳಿದ್ದರೆ ಅವು ಅದಲುಬದಲಾಗಿವೆಯೇ ನೋಡಿ. ನಾಲ್ಕು ಸಿಲಿಂಡರ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಕಿಡಿ ಬೀಳುವ ಸರದಿ 1-3-4-2.

ಈಗ ಕಾಯಿಲ್ ಎತ್ತಿ ಗುಂಡಿಯೊಳಗೆ ಟಾರ್ಚ್ ಬಿಡಿ. ನೀರು ಇದೆಯೇ? ವಾಟರ್ ಸರ್ವಿಸ್‌ನಲ್ಲಿ ಬಾನೆಟ್ ಒಳಗೆ ಜೋರಾಗಿ ನೀರು ಹೊಡೆಸಿದ ಗಾಡಿಗಳಲ್ಲಿ, ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಇದ್ದದ್ದೇ. ಎಣ್ಣೆ ಇದೆಯೇ? ಹಾಗಾದರೆ ವಾಲ್ವ್ ಕವರ್ ಗ್ಯಾಸ್ಕೆಟ್ ಅಥವಾ ಗುಂಡಿಯ ಸೀಲ್ ಸೋರುತ್ತಿದೆ; ಸೀಲ್ ಬದಲಿಸದೆ ಎಷ್ಟು ಪ್ಲಗ್ ಹಾಕಿದರೂ ತೊಂದರೆ ಮರಳುತ್ತದೆ. ಪ್ಲಗ್ ಬಿಚ್ಚುವ ಮೊದಲು ಗುಂಡಿಯೊಳಗಿನ ಮಣ್ಣು, ಮರಳನ್ನು ಏರ್ ಹೊಡೆಸಿ ತೆಗೆಯಲೇಬೇಕು. ಒಂದು ಗಟ್ಟಿ ಹರಳು ಒಳಗೆ ಬಿದ್ದು ವಾಲ್ವ್ ಕೆಳಗೆ ಸಿಕ್ಕಿಕೊಂಡರೆ ಆ ಸಿಲಿಂಡರ್‌ನ ಕಂಪ್ರೆಷನ್ ಹೋಗುತ್ತದೆ.

ಪ್ಲಗ್ ಬಿಚ್ಚುವಾಗಲೇ ಎಷ್ಟು ಟೈಟ್ ಇತ್ತು ಎಂದು ಗಮನಿಸಿ. ಆಮೇಲೆ ಬಿಳಿ ಪಿಂಗಾಣಿ ಭಾಗ ನೋಡಿ. ಪೆನ್ಸಿಲ್ ಗೆರೆಯಂಥ ಸಣ್ಣ ಕಪ್ಪು ಗೀಟು ಇದ್ದರೆ ಕಿಡಿ ತುದಿಗೆ ಹೋಗದೆ ಪಕ್ಕದಿಂದ ಹಾರುತ್ತಿದೆ. ಕಾಯಿಲ್‌ನ ರಬ್ಬರ್ ಬೂಟ್ ಒಳಗೂ ಅದೇ ಗುರುತು ಸಿಗುತ್ತದೆ; ಎರಡನ್ನೂ ಬದಲಿಸಿ, ಒಂದನ್ನೇ ಬದಲಿಸಿದರೆ ಇನ್ನೊಂದು ಹೊಸದನ್ನೂ ಕೆಡಿಸುತ್ತದೆ. ಕೈ ಜಾರಿ ನೆಲಕ್ಕೆ ಬಿದ್ದ ಪ್ಲಗ್ ಇದ್ದರೆ, ಹೊರಗೆ ಬಿರುಕು ಕಾಣದಿದ್ದರೂ ಅದನ್ನು ಹಾಕಬೇಡಿ. ಲೋಹದ ಭಾಗಕ್ಕೆ ತಾಗಿದಂತೆ ಪಿಂಗಾಣಿಯ ಸುತ್ತ ಕಂದು ಪಟ್ಟಿ ಕಂಡರೆ ಹೆದರಬೇಡಿ. ಹೆಚ್ಚಿನ ವೋಲ್ಟೇಜ್‌ಗೆ ಎಣ್ಣೆಯ ಕಣಗಳು ಅಂಟಿ ಆಗುವ ಕಲೆ ಅದು, ಲೀಕ್ ಅಲ್ಲ.

ಪ್ಲಗ್ ಮೇಲಿನ ನಂಬರ್ ಓದಿ

ಇದನ್ನು ಬಿಡಬೇಡಿ. ಎನ್‌ಜಿಕೆಯ ಬಿಕೆಆರ್6ಇ-11 ಅನ್ನುವ ಪ್ಲಗ್ ತೆಗೆದುಕೊಳ್ಳಿ. 6 ಅಂದರೆ ಹೀಟ್ ರೇಂಜ್ (ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನುವ ಅಳತೆ), ಇ ಅಂದರೆ 19 ಮಿಲಿಮೀಟರ್ ಥ್ರೆಡ್ ಉದ್ದ, ಕೊನೆಯ 11 ಅಂದರೆ 1.1 ಮಿಲಿಮೀಟರ್ ಗ್ಯಾಪ್. ಎನ್‌ಜಿಕೆ, ಡೆನ್ಸೊಗಳಲ್ಲಿ ಹೀಟ್ ರೇಂಜ್ ನಂಬರ್ ಏರಿದಷ್ಟೂ ಪ್ಲಗ್ ತಣ್ಣನೆಯದು. ಬಾಷ್‌ನಲ್ಲಿ ಇದು ಉಲ್ಟಾ. ಹಾಗಾಗಿ ಒಂದು ಕಂಪನಿಯ ನಂಬರ್ ಹಿಡಿದು ಇನ್ನೊಂದು ಕಂಪನಿಯ ಪ್ಲಗ್ ಕೇಳಿದರೆ ತಪ್ಪು ಮಾಲು ಬರುತ್ತದೆ. ಬೇಕಾದ್ದಕ್ಕಿಂತ ಬಿಸಿ ಪ್ಲಗ್ ಆದರೆ ಏರಿನಲ್ಲಿ ನಾಕಿಂಗ್ (ಪೆಟ್ರೋಲ್ ತಪ್ಪು ಹೊತ್ತಿಗೆ ಹೊತ್ತಿ ಬರುವ ಬಡಿತದ ಸದ್ದು), ತಣ್ಣನೆಯದಾದರೆ ಮಸಿ ಕಟ್ಟಿ ಮಿಸ್ಸಿಂಗ್. ಕಾರಿನ ಮ್ಯಾನುಯಲ್‌ನಲ್ಲಿ ಏನಿದೆಯೋ ಅದನ್ನೇ ಬಿಲ್ ಸಮೇತ ಕೊಳ್ಳಿ. ನಕಲಿ ಪ್ಲಗ್‌ಗಳು ಮಾರುಕಟ್ಟೆಯಲ್ಲಿವೆ. ವಾಹನ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೇ ಕೊಂಡರೂ ಪರಿಚಯದ ಅಂಗಡಿಯಲ್ಲಿ ಕೊಳ್ಳಿ.

ಗ್ಯಾಪ್ ಅನ್ನು ಫೀಲರ್ ಗೇಜ್‌ನಲ್ಲಿ ಅಳೆಯಿರಿ. ಇರಿಡಿಯಂ ಪ್ಲಗ್ ಆದರೆ ನಡುವಿನ ಸಣ್ಣ ತುದಿಗೆ ಏನೂ ಒತ್ತಬೇಡಿ, ಅದು ಮುರಿಯುತ್ತದೆ. ಸಿಎನ್‌ಜಿ ಕಿಟ್ ಇರುವ ಕಾರಿನಲ್ಲಿ ಗ್ಯಾಪ್‌ನ ತಪ್ಪು ಬೇಗ ಹೊರಬೀಳುತ್ತದೆ, ಏಕೆಂದರೆ ಗ್ಯಾಸ್ ಹೊತ್ತಲು ಜಾಸ್ತಿ ವೋಲ್ಟೇಜ್ ಬೇಕು. ಪೆಟ್ರೋಲ್‌ನಲ್ಲಿ ಸರಿ, ಸಿಎನ್‌ಜಿಯಲ್ಲಿ ಮಾತ್ರ ಮಿಸ್ಸಿಂಗ್ ಅಂದರೆ ಮೊದಲು ಗ್ಯಾಪ್, ಆಮೇಲೆ ಕಾಯಿಲ್ ನೋಡಿ.

2003ರಲ್ಲಿ ಬಂದ ಹೋಂಡಾ ಸಿಟಿಯ ಐ-ಡಿಎಸ್‌ಐ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್‌ಗೆ ಎಂಟು ಪ್ಲಗ್ ಇವೆ. ಮುಂದಿನ ನಾಲ್ಕನ್ನು ಬದಲಿಸಿ ಹಿಂದಿನ ನಾಲ್ಕನ್ನು ಹಾಗೇ ಬಿಟ್ಟಿಲ್ಲ ತಾನೇ ಎಂದು ವಿಚಾರಿಸಿ.

ಮತ್ತೆ ಜೋಡಿಸುವಾಗ ಪ್ಲಗ್ ಅನ್ನು ಮೊದಲು ಕೈಯಲ್ಲೇ ತಿರುಗಿಸಿ. ಬಿಗಿ ಹಿಡಿದರೆ ಥ್ರೆಡ್ ಓರೆಯಾಗಿದೆ, ಹಿಂದಕ್ಕೆ ತಿರುಗಿಸಿ ಹೊಸದಾಗಿ ಕೂರಿಸಿ. ಅಲ್ಯೂಮಿನಿಯಂ ಹೆಡ್‌ನಲ್ಲಿ ವಾಷರ್ ಇರುವ 14 ಮಿಲಿಮೀಟರ್ ಪ್ಲಗ್‌ಗೆ 25ರಿಂದ 30 ನ್ಯೂಟನ್ ಮೀಟರ್, 12 ಮಿಲಿಮೀಟರ್ ಪ್ಲಗ್‌ಗೆ 15ರಿಂದ 20 ಸಾಕು. ಟಾರ್ಕ್ ರೆಂಚ್ ಇಲ್ಲದಿದ್ದರೆ, ಹೊಸ 14 ಮಿಲಿಮೀಟರ್ ಪ್ಲಗ್ ಕೈಗೆ ಬಿಗಿಯಾದ ಮೇಲೆ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು. ಒಮ್ಮೆ ಟೈಟ್ ಮಾಡಿದ ಪ್ಲಗ್‌ನ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಅದಕ್ಕೆ ಇನ್ನೂ ತುಂಬಾ ಕಡಿಮೆ, ಸುತ್ತಿನ ಹನ್ನೆರಡನೇ ಒಂದು ಪಾಲು. ವಾಷರ್ ಇಲ್ಲದೆ ಓರೆ ಸೀಟ್ ಇರುವ ಪ್ಲಗ್‌ಗೆ ಹದಿನಾರನೇ ಒಂದು ಪಾಲು. ಸಡಿಲ ಬಿಟ್ಟರೆ ಪ್ಲಗ್‌ನ ಬಿಸಿ ಹೆಡ್‌ಗೆ ಇಳಿಯದೆ ತುದಿ ಕಾದು ಕೆಂಪಾಗುತ್ತದೆ, ಅತಿಯಾಗಿ ಬಿಗಿದರೆ ಥ್ರೆಡ್ ಹೋಗುತ್ತದೆ.

ಇನ್ನೂ ಮಿಸ್ಸಿಂಗ್ ಇದೆಯೇ? ಅದಲುಬದಲು ಮಾಡಿ ನೋಡಿ

ಪಿ0302 ಬಂದಿದೆ ಎಂದುಕೊಳ್ಳಿ. ಎರಡನೇ ಸಿಲಿಂಡರ್‌ನ ಕಾಯಿಲ್ ಅನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಸ್ಟಾರ್ಟ್ ಮಾಡಿ. ಈಗ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ, ಒಂದೇ ಒಂದು ಕಾಯಿಲ್ ಕೊಂಡರೆ ಸಾಕು. ಪಿ0302ವೇ ಉಳಿದರೆ ಪ್ಲಗ್‌ಗಳನ್ನು ಹೀಗೇ ಅದಲುಬದಲು ಮಾಡಿ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ತಪ್ಪು ಎಂದು ತಿಳಿಯುವುದಿಲ್ಲ. ಎಂಜಿನ್ ಓಡುತ್ತಿರುವಾಗ ಕಾಯಿಲ್ ಅಥವಾ ಪ್ಲಗ್ ವೈರ್ ಎಳೆದು ನೋಡುವ ಹಳೆಯ ಪದ್ಧತಿ ಬೇಡ. ಜೋರು ಶಾಕ್ ಹೊಡೆಯುತ್ತದೆ, ಕಾಯಿಲ್‌ಗೂ ಇಸಿಯುಗೂ (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ಟು.

ಬ್ಯಾಟರಿ ಕಳಚಿ ಕೆಲಸ ಮಾಡಿದ್ದರೆ ಐಡ್ಲಿಂಗ್ ಸ್ವಲ್ಪ ಹೊತ್ತು ಏರುಪೇರಾಗಬಹುದು. ಕೆಲವು ಕಿಲೋಮೀಟರ್ ಓಡಿದ ಮೇಲೆ ಇಸಿಯು ಅದನ್ನು ಸರಿಮಾಡಿಕೊಳ್ಳುತ್ತದೆ.

ಕಾಯಿಲ್, ಪ್ಲಗ್ ಎರಡೂ ಜಾಗ ಬದಲಿಸಿದರೂ ಕೋಡ್ ಅದೇ ಸಿಲಿಂಡರ್‌ನಲ್ಲಿ ಉಳಿದರೆ ಮುಂದಿನದು ಆ ಇಂಜೆಕ್ಟರ್‌ನ ಕನೆಕ್ಟರ್, ವೈರಿಂಗ್ (ಇಲಿ ಕಡಿದಿದೆಯೇ ನೋಡಿ), ಕೊನೆಗೆ ಕಂಪ್ರೆಷನ್ ಟೆಸ್ಟ್. ಅದು ಗ್ಯಾರೇಜ್ ಕೆಲಸ. ಹೋಗುವಾಗ ಬಂದ ಕೋಡ್, ಪ್ಲಗ್‌ನ ನಂಬರ್, ಯಾವ ಕಾಯಿಲ್ ಎಲ್ಲಿಗೆ ಹಾಕಿದ್ದೀರಿ ಅನ್ನುವುದನ್ನು ಚೀಟಿಯಲ್ಲಿ ಬರೆದು ಮೆಕ್ಯಾನಿಕ್ ಕೈಗೆ ಕೊಡಿ. ಬಿಚ್ಚಿದ ಹಳೆಯ ಪ್ಲಗ್‌ಗಳನ್ನೂ ಸಿಲಿಂಡರ್ ನಂಬರ್ ಬರೆದು ಜೊತೆಗೆ ಒಯ್ಯಿರಿ.