ಕೈ ಎತ್ತದ ಮಕ್ಕಳ ಉತ್ತರ ತಿಳಿಯುವುದು ಹೇಗೆ?

‘ಅರ್ಥ ಆಯ್ತಾ?’ ಎಂದು ಕೇಳಿದರೆ ಇಡೀ ತರಗತಿ ‘ಆಯ್ತು’ ಎನ್ನುತ್ತದೆ. ಆಗಿಲ್ಲ ಎಂಬುದು ಪರೀಕ್ಷೆಯ ಪೇಪರ್ ತಿದ್ದುವಾಗ ಗೊತ್ತಾಗುತ್ತದೆ. ಪ್ರಶ್ನೆ ಕೇಳಿದಾಗ ಕೈ ಎತ್ತುವವರೂ ಯಾವಾಗಲೂ ಅದೇ ನಾಲ್ಕು ಮಂದಿ, ಅಲ್ವಾ? ಉಳಿದವರ ತಲೆಯಲ್ಲಿ ಏನು ಓಡುತ್ತಿದೆ ಎಂದು ಆ ಕ್ಷಣಕ್ಕೇ ತಿಳಿಯಲು ಆನ್‌ಲೈನ್ ಕ್ವಿಜ್ ಸಾಧನಗಳು ನೆರವಾಗುತ್ತವೆ. ಆದರೆ ಬಳಸುವ ಬಗೆ ಗೊತ್ತಿರಬೇಕು. ಇಲ್ಲದಿದ್ದರೆ ಅದೊಂದು ಗದ್ದಲದ ಆಟ, ಅಷ್ಟೇ.

ಮೊದಲು ಪ್ರಶ್ನೆ, ಆಮೇಲೆ ಆ್ಯಪ್

ಹೆಚ್ಚಿನವರು ಮೊದಲು ಆ್ಯಪ್ ಹುಡುಕುತ್ತಾರೆ. ನಾನೂ ಹಾಗೇ ಮಾಡಿದ್ದೆ. ನಿಜವಾದ ಕೆಲಸ ಇರುವುದು ಪ್ರಶ್ನೆಯಲ್ಲಿ. ತಪ್ಪು ಉತ್ತರ ಕೊಟ್ಟ ಮಗು ಎಲ್ಲಿ ಎಡವಿದೆ ಎಂದು ಆ ಉತ್ತರವೇ ಹೇಳಬೇಕು.

ಒಂದು ಉದಾಹರಣೆ ನೋಡಿ. 0.3, 0.45, 0.128: ಇವುಗಳಲ್ಲಿ ದೊಡ್ಡದು ಯಾವುದು? 0.128 ಎಂದವರು ಬಹುಶಃ ಬಿಂದುವಿನ ನಂತರದ ಅಂಕಿಗಳನ್ನು ‘ನೂರ ಇಪ್ಪತ್ತೆಂಟು’ ಎಂದೇ ಓದಿದ್ದಾರೆ. 0.3 ಎಂದವರ ಲೆಕ್ಕ ಬೇರೆ. ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದು, ಹಾಗಾಗಿ ಅಂಕಿ ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು ಎಂದುಕೊಂಡಿದ್ದಾರೆ. ಎರಡೂ ತಪ್ಪೇ, ಆದರೆ ಎರಡಕ್ಕೂ ಮದ್ದು ಬೇರೆ ಬೇರೆ. ಸುಮ್ನೆ ಜಾಗ ತುಂಬಲು ಹಾಕಿದ ಆಯ್ಕೆಯಿಂದ ಇಂಥದ್ದು ತಿಳಿಯುವುದಿಲ್ಲ. ಒಂದು ಪಿರಿಯಡ್‌ಗೆ ಇಂಥ ಎರಡು ಮೂರು ಪ್ರಶ್ನೆ ಸಾಕು.

ಯಾವುದನ್ನು ಆರಿಸಬೇಕು?

ಕಹೂಟ್ ಎಂಬ ಕ್ವಿಜ್ ಆ್ಯಪ್ ಹೆಚ್ಚಿನವರಿಗೆ ಗೊತ್ತು. ಮಕ್ಕಳಿಗೆ ಖುಷಿ, ಆದರೆ ಬೇಗ ಒತ್ತಿದವರಿಗೆ ಜಾಸ್ತಿ ಅಂಕ. ಯೋಚಿಸುವ ಮಗು ಹಿಂದೆ ಬೀಳುತ್ತದೆ. ಪುನರಾವರ್ತನೆಗೆ ಅದು ಚೆನ್ನ, ಹೊಸ ಪಾಠಕ್ಕೆ ಬೇಡ ಎನ್ನುವುದು ನನ್ನ ಅನುಭವ. ಒಂದೊಂದು ಪದದ ಉತ್ತರಗಳನ್ನು ಒಟ್ಟಿಗೆ ನೋಡಬೇಕೆಂದರೆ ಮೆಂಟಿಮೀಟರ್. ಹೆಚ್ಚು ಜನ ಬರೆದ ಪದ ತೆರೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಪಿರಿಯಡ್ ಮುಗಿಯುವ ಮುನ್ನ ಎಷ್ಟು ಅರ್ಥವಾಯಿತು, ಏನು ಕಲಿತೆ ಎಂದು ಕೇಳಲು ಸೋಕ್ರೇಟಿವ್‌ನಲ್ಲಿ ಸಿದ್ಧ ನಮೂನೆಯೇ ಇದೆ.

ಮಕ್ಕಳ ಬಳಿ ಮೊಬೈಲ್ ಇಲ್ಲವೇ? ಪ್ಲಿಕರ್ಸ್ ಬಳಸಿ. ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡ್. ಅದರ ನಾಲ್ಕು ಬದಿಗೆ ಎ, ಬಿ, ಸಿ, ಡಿ. ತನ್ನ ಉತ್ತರ ಮೇಲೆ ಬರುವಂತೆ ಮಗು ಕಾರ್ಡ್ ಹಿಡಿಯುತ್ತದೆ, ಶಿಕ್ಷಕರು ತಮ್ಮ ಮೊಬೈಲ್ ಕ್ಯಾಮೆರಾದಲ್ಲಿ ಇಡೀ ಕೋಣೆಯನ್ನು ಒಮ್ಮೆ ನೋಡಿದರೆ ಉತ್ತರಗಳು ದಾಖಲಾಗುತ್ತವೆ. ಅಕ್ಷರ ಸಣ್ಣದಾಗಿರುವುದರಿಂದ ಪಕ್ಕದವರಿಗೆ ಕದ್ದು ನೋಡುವುದೂ ಕಷ್ಟ.

ತರಗತಿಯಲ್ಲಿ ನಡೆಸುವಾಗ

ಕ್ವಿಜ್‌ಗೆ ಸೇರಲು ಆ್ಯಪ್ ತೋರಿಸುವ ಕೋಡ್ ಅಥವಾ ಲಿಂಕ್ ಮಕ್ಕಳಿಗೆ ಕೊಡಿ. ಹೆಸರಿನ ಬದಲು ರೋಲ್ ನಂಬರ್ ಹಾಕಿಸಿ. ಮೊದಲ ಸಲ ನಾನು ‘ಏನಾದರೂ ಹೆಸರು ಹಾಕಿ’ ಎಂದುಬಿಟ್ಟೆ. ತೆರೆಯ ಮೇಲೆ ಬಂದ ಹೆಸರುಗಳಿಗೆ ನಕ್ಕು ಮುಗಿಯುವಷ್ಟರಲ್ಲಿ ಹತ್ತು ನಿಮಿಷ ಹೋಗಿತ್ತು!

ಟೈಮರ್ ತೆಗೆಯಲು ಬಂದರೆ ತೆಗೆಯಿರಿ, ಇಲ್ಲವೇ ಸಮಯ ಹೆಚ್ಚಿಸಿ. ಯಾರೂ ಮಾತಾಡದೆ ಒಬ್ಬೊಬ್ಬರೇ ಉತ್ತರಿಸಲಿ. ಎಲ್ಲರದ್ದೂ ಬರುವವರೆಗೆ ಫಲಿತಾಂಶದ ಗ್ರಾಫ್ ಮುಚ್ಚಿಡಿ. ತೆರೆದಿಟ್ಟರೆ ಯಾವ ಕಂಬ ಎತ್ತರವೋ ಉಳಿದವರೂ ಅದನ್ನೇ ಒತ್ತುತ್ತಾರೆ.

ಉತ್ತರ ಬಂತು, ಮುಂದೇನು?

ಇಲ್ಲೇ ಅನೇಕರು ಸರಿಯುತ್ತರ ಹೇಳಿ ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ವಿಧಾನ ಸರಳವಾಗಿದೆ. ಸರಿಯುತ್ತರ ಸುಮಾರು ಶೇ 30ಕ್ಕಿಂತ ಕಡಿಮೆ ಇದ್ದರೆ ಪಾಠವನ್ನೇ ಇನ್ನೊಮ್ಮೆ, ಬೇರೆ ರೀತಿಯಲ್ಲಿ ಹೇಳಿ. ಶೇ 70 ದಾಟಿದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಿ. ಇವೆರಡರ ನಡುವೆ ಇದ್ದರೆ ಸರಿಯುತ್ತರ ಹೇಳಲೇಬೇಡಿ. ‘ಬೇರೆ ಉತ್ತರ ಕೊಟ್ಟವರನ್ನು ಹುಡುಕಿ, ನಿಮ್ಮದೇ ಸರಿ ಎಂದು ಒಪ್ಪಿಸಿ ನೋಡೋಣ’ ಎಂದು ಎರಡು ನಿಮಿಷ ಬಿಡಿ. ಆಮೇಲೆ ಅದೇ ಪ್ರಶ್ನೆಗೆ ಮತ್ತೆ ಉತ್ತರ ಪಡೆಯಿರಿ. ಆ ಗಲಾಟೆಯ ನಡುವೆ ಸುತ್ತಾಡಿ ಕಿವಿಗೊಟ್ಟರೆ ಗ್ರಾಫ್ ಹೇಳದ ಸಂಗತಿಗಳೂ ಸಿಗುತ್ತವೆ.

ಈ ಅಂಕಗಳನ್ನು ಮಾರ್ಕ್ಸ್ ಪುಸ್ತಕಕ್ಕೆ ಸೇರಿಸುವುದು ಬೇಡ. ಸೇರಿಸಿದ ದಿನದಿಂದ ಮಕ್ಕಳು ತಮಗೆ ಅನಿಸಿದ್ದನ್ನು ಬಿಟ್ಟು ಪಕ್ಕದವರದ್ದನ್ನು ಒತ್ತಲು ಶುರು ಮಾಡುತ್ತಾರೆ. ಸಂಜೆ ರಿಪೋರ್ಟ್ ತೆರೆದು, ಹೆಚ್ಚು ಜನ ಆರಿಸಿದ ತಪ್ಪು ಉತ್ತರವನ್ನು ಗುರುತು ಹಾಕಿಕೊಳ್ಳಿ. ಮರುದಿನದ ಮೊದಲ ಪ್ರಶ್ನೆ ಅದೇ ಆಗಲಿ.

ಇನ್ನು ನೆಟ್ ಕೈಕೊಟ್ಟರೆ? ಪ್ರಶ್ನೆಯನ್ನು ಬೋರ್ಡ್ ಮೇಲೆ ಬರೆದು, ‘ಒಂದು, ಎರಡು, ಮೂರು’ ಎಂದಾಗ ಎಲ್ಲರೂ ಎದೆಯ ಹತ್ತಿರ ಬೆರಳುಗಳಲ್ಲಿ ಉತ್ತರ ತೋರಿಸಲಿ: ಎ ಆದರೆ ಒಂದು ಬೆರಳು, ಬಿ ಆದರೆ ಎರಡು, ಹೀಗೆ.